ಎರವಲು ಕೊಡಬಾರದ ವಸ್ತು

ನನ್ನ ಅಣ್ಣ ಮೆರಿಲ್ ಎಂಥ ಮನುಷ್ಯನೆಂದರೆ, ನರಪಿಳ್ಳೆ ಕಾಣದ ಬಯಲಿನ ಅಡ್ಡರಸ್ತೆಯಲ್ಲೂ 'ನಿಲ್ಲಿ' ಎಂಬ ಫಲಕ ಕಂಡರೆ ಪಿಕಪ್ ನಿಲ್ಲಿಸಿ, ಎಡಕ್ಕೂ ಬಲಕ್ಕೂ ನೋಡಿ, ಆಮೇಲೆ ಮುಂದೆ ಹೋಗುತ್ತಿದ್ದ. ಪಕ್ಕದಲ್ಲಿ ಕೂತವರು ಮೈ ಪರಚಿಕೊಳ್ಳಬೇಕು. "ಯಾರಿಗೋಸ್ಕರ ನಿಲ್ಲಿಸ್ತೀಯೋ, ಜಿಂಕೆಗಳಿಗಾ?" ಎಂದು ತಂಗಿ ನಾನು ಕೇಳಿದರೆ, "ಫಲಕ ಹಾಕಿದಾರಲ್ಲ ಆರ್ಡಿಸ್" ಎನ್ನುತ್ತಿದ್ದ. ಅಷ್ಟೇ ಅವನ ಉತ್ತರ. ಅಂಥವನ ಮನೆಗೆ ಕೇಂದ್ರದ ಫೆಡರಲ್ ಸರ್ಕಾರದ ಕಾರು ಬಂದಿತ್ತೆಂದರೆ ಅಮೆರಿಕದ ವಯೋಮಿಂಗಿನ ನಮ್ಮೂರು ಡ್ರೈ ಫೋರ್ಕ್‌ನಲ್ಲಿ ಈಗಲೂ ಕೆಲವರು ನಂಬುವುದಿಲ್ಲ.

ಕುರಿಗಾರರ ಗಾಳಿಯಂತ್ರ, ಪಂಪು ರಿಪೇರಿ ಮಾಡುವುದು ಅವನ ಕಸುಬು. ಮನೆಯ ಹಿಂದೆ ಲೇತ್ ಇಟ್ಟುಕೊಂಡ ವರ್ಕ್‌ಶಾಪು, ಅದರಾಚೆ ಅವನದೇ ಒಂದಿಷ್ಟು ಕುರಿ. ಆಯುಷ್ಯವೆಲ್ಲ ಯಂತ್ರದ ಸದ್ದು, ಬಂದೂಕಿನ ಸದ್ದು ಕೇಳಿ ಕಿವಿ ಅರ್ಧ ಹೋಗಿತ್ತು. ಕುರಿಗಳು ಮರಿ ಹಾಕುವ ವಸಂತದಲ್ಲಿ ಕಾಯೋಟಿ ತೋಳಗಳು ಹೊಂಚು ಹಾಕುತ್ತವೆ. ಹೊಡೆಯದೆ ಇರುವಂತಿಲ್ಲ. ಹೊಡೆದರೆ ಆ ಸದ್ದಿಗೆ ತಾಯಿಕುರಿಗಳು ದಿಕ್ಕಾಪಾಲಾಗಿ ಓಡುತ್ತವೆ, ಕೆಲವು ಮರಳಿ ಬಂದು ಮರಿಯನ್ನು ಮೂಸುವುದೂ ಇಲ್ಲ. ಕಿವಿಯ ವೈದ್ಯರೂ ಬೈದ ಮೇಲೆ ಮೆರಿಲ್ ತನ್ನ ಬಂದೂಕಿನ ನಳಿಗೆಯ ತುದಿಗೆ ಸದ್ದಡಗಿಸುವ ಸೈಲೆನ್ಸರ್ ಒಂದನ್ನು ತಾನೇ ಮಾಡಿಕೊಳ್ಳಲು ನಿರ್ಧರಿಸಿದ.

ನಮ್ಮಲ್ಲಿ ಅದಕ್ಕೆ ಕಾನೂನು ಅಡ್ಡ ಬರುವುದಿಲ್ಲ, ಆದರೆ ಮೂಗುದಾರ ಹಾಕುತ್ತದೆ. ಮೊದಲು ಸರ್ಕಾರಕ್ಕೆ ಅರ್ಜಿ, ಫೋಟೋ, ಹತ್ತೂ ಬೆರಳಿನ ಗುರುತು, ಆಗಿನ ಲೆಕ್ಕದಲ್ಲಿ ಇನ್ನೂರು ಡಾಲರ್ ತೆರಿಗೆ, ನಮ್ಮ ಕಡೆಯ ಪೊಲೀಸ್ ಮುಖ್ಯಸ್ಥ ಶೆರೀಫರಿಗೊಂದು ಪ್ರತಿ. ಒಪ್ಪಿಗೆ ಕೈಗೆ ಬರುವವರೆಗೆ ಅದಕ್ಕೆಂದು ಒಂದು ಬಿಡಿಭಾಗವನ್ನೂ ಮಾಡಿಟ್ಟುಕೊಳ್ಳುವಂತಿಲ್ಲ, ಭಾಗವೊಂದೇ ಇದ್ದರೂ ಕಾನೂನಿನ ಕಣ್ಣಿಗೆ ಅದು ಪೂರ್ತಿ ಸೈಲೆನ್ಸರ್. ಮಾಡಿದ ಮೇಲೆ ಮಾಡಿದವನ ಹೆಸರು, ಊರು, ನಂಬರು ಅದರ ಮೈಮೇಲೆ ಕೆತ್ತಿರಬೇಕು. ಮೆರಿಲ್ ಕಾದ. ಒಪ್ಪಿಗೆ ಬರಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟೂ ದಿನ ಅವನು ಅದಕ್ಕೆ ಬೇಕಾದ ಕಬ್ಬಿಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಅವನ ಈ ಮಡಿಯನ್ನು ಕಂಡು ಬಿದ್ದು ಬಿದ್ದು ನಗುತ್ತಿದ್ದವನು ಪೆಯೋ. ಪಕ್ಕದ ಜಮೀನಿನ ಕುರಿಗಾರ, ಸ್ಪೇನ್ ಕಡೆಯಿಂದ ಬಂದು ನೆಲೆಸಿದ ಬಾಸ್ಕ್ ಜನರವನು, ನಾವು ಮೂವರೂ ಒಂದೇ ಶಾಲಾ ಬಸ್ಸಿನಲ್ಲಿ ಬೆಳೆದವರು. ಹೆಂಡತಿ ತೀರಿಕೊಂಡ ಮೇಲೆ ಅವನ ಭಾನುವಾರದ ಊಟ ಮೆರಿಲ್ ಮನೆಯಲ್ಲೇ ಆಗುತ್ತಿತ್ತು.

"ಏನು ಪಾದ್ರಿಗಳೇ," ಎಂದು ಪೆಯೋ ಕುರಿಮಾಂಸದ ಸಾರಿಗೆ ಬ್ರೆಡ್ ಅದ್ದುತ್ತ ಕೇಳುತ್ತಿದ್ದ, "ಸೀನೋದಕ್ಕೆ ಒಪ್ಪಿಗೆ ಬಂತಾ, ಇನ್ನೂ ಇಲ್ವಾ?"

"ನಗು, ನಗು," ಎಂದ ಮೆರಿಲ್ ಒಮ್ಮೆ. "ಆದ್ರೆ ಒಂದು ಮಾತು ತಲೇಲಿಟ್ಕೋ. ನಾನು ಪಕ್ಕದಲ್ಲಿ ನಿಂತಿದ್ರೆ ಅದನ್ನ ಹಾಕ್ಕೊಂಡು ನೀನೂ ಹೊಡೀಬಹುದು. ನಾನಿಲ್ದೆ ಅದು ನಿನ್ನ ಕೈಲಿದ್ರೆ ಇಬ್ರೂ ಒಳಗೆ. ಎರವಲು ಕೊಡೋಹಾಗಿಲ್ಲ."

"ಎರವಲು ಕೊಡೋಹಾಗಿಲ್ವಾ?" ಪೆಯೋ ನನ್ನ ಕಡೆ ತಿರುಗಿದ. "ಕೇಳಿದ್ಯೇನೇ ಆರ್ಡಿಸ್? ನನ್ನ ಟ್ರಾಕ್ಟರ್ ಹೋದ್ ವರ್ಷದಿಂದ ಇವನ ಅಂಗಳದಲ್ಲಿ ಬಿದ್ದಿದೆ. ಅದಕ್ಕೆ ಯಾವ ಪಾದ್ರಿ ಒಪ್ಪಿಗೆ ಕೊಟ್ಟ?"

ಎಲ್ಲರೂ ನಕ್ಕೆವು. ಮೆರಿಲ್ ಹೆಂಡತಿ ಡಾರ್ಲೀನ್ ಕೂಡ ನಕ್ಕಳು.

ನಮ್ಮ ಕಡೆ ವರ್ಕ್‌ಶಾಪಿಗೆ ಬೀಗ ಹಾಕುವುದೆಂದರೆ ನೆರೆಯವನ ಮುಖಕ್ಕೆ ಉಗಿದಂತೆ. ಪಟ್ಟಣಕ್ಕೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ, ಕುರಿ ಕಷ್ಟದಲ್ಲಿದ್ದಾಗ ಯಾರು ಹೋಗುತ್ತಾರೆ? ಮಾಲೀಕ ಇರಲಿ ಬಿಡಲಿ, ಒಳಗೆ ಹೋಗಿ ಬೇಕಾದ್ದನ್ನು ತೆಗೆದುಕೊಳ್ಳುವುದು, ಅದು ನೇತಾಡುತ್ತಿದ್ದ ಮೊಳೆಗೆ ತನ್ನ ಕೈಗವಸೊಂದನ್ನು ಸಿಕ್ಕಿಸಿ ಬರುವುದು. ಕೈಗವಸು ನೋಡಿದರೆ ಯಾರು ಒಯ್ದರೆಂದು ತಿಳಿಯುತ್ತದೆ. ಅದನ್ನು ವಾಪಸು ಕೇಳಲು ಹೋಗುವವನು ಜಿಪುಣ. ಅದಕ್ಕೆ ಕಳವು ಎಂಬ ಹೆಸರು ನಮ್ಮ ಅಜ್ಜಂದಿರ ಕಾಲದಿಂದಲೂ ಇಲ್ಲ.

ಒಪ್ಪಿಗೆ ಬಂದು ಸೈಲೆನ್ಸರ್ ಮಾಡಿ ಮುಗಿಸಿದ ಮೇಲೆ ಮೆರಿಲ್ ಕಾನೂನಿಗೆ ಹೆದರಿ ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ. ಆಮೇಲೆ, ನಮ್ಮವನೇ ತಾನೆ, ಬೀರುವಿನ ಕೀಲಿಯನ್ನು ಉಳಿದೆಲ್ಲ ಕೀಲಿಗಳ ಸಾಲಿನಲ್ಲಿ ಮೊಳೆಗೆ ನೇತುಹಾಕಿದ. ಕೀಲಿಯ ಜಾಗ ಅದು. ಬೇರೆ ಕಡೆ ಇಡಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ.

ಆ ಏಪ್ರಿಲ್‌ನಲ್ಲಿ ಹಿಮ ತಡವಾಗಿ ಬಿದ್ದು ಕಾಯೋಟಿಗಳು ಹಸಿದಿದ್ದವು. ಪೆಯೋನ ಕೊಟ್ಟಿಗೆಯ ಪಕ್ಕದಲ್ಲೇ ಮರಿಗಳ ಹೊಟ್ಟೆ ಬಗೆದು ಹಾಕಿದ್ದವು. ಮೆರಿಲ್ ಯಾರದೋ ಪಂಪು ಬಿಚ್ಚಲು ಹೋಗಿದ್ದಾಗ ಪೆಯೋ ಬಂದ, ಕೀಲಿ ತೆಗೆದ, ಬೀರು ತೆರೆದ, ಸೈಲೆನ್ಸರ್ ಒಯ್ದ. ಕೀಲಿಯ ಮೊಳೆಗೆ ತನ್ನ ಕೈಗವಸು ಸಿಕ್ಕಿಸಿದ, ಹೆಬ್ಬೆರಳಿಗೆ ಕೆಂಪು ದಾರದ ಹೊಲಿಗೆ ಇದ್ದದ್ದು.

ಸಂಜೆ ಮೆರಿಲ್ ಅದನ್ನು ನೋಡಿದ. ಅಡುಗೆಮನೆಗೆ ಬಂದು ಟೋಪಿ ಹಾಕಿಕೊಂಡು ಬಾಗಿಲವರೆಗೆ ಹೋದನಂತೆ. ಅಲ್ಲೇ ನಿಂತನಂತೆ. ಮರಿ ಹಾಕುವ ಕಾಲದಲ್ಲಿ ನೆರೆಯವನ ಕೈಯಿಂದ ವಸ್ತು ಕಿತ್ತುಕೊಂಡು ಬರುವುದು ಹೇಗೆ? ಟೋಪಿ ತೆಗೆದು ಗೂಟಕ್ಕೆ ಹಾಕಿದ. "ಬೆಳಿಗ್ಗೆ ಹೋಗಿ ತರ್ತೀನಿ," ಎಂದನಂತೆ ಡಾರ್ಲೀನ್‌ಗೆ. ಅವಳು ಇದನ್ನು ನನಗೆ ಹೇಳುವಾಗ ಆ ಗೂಟವನ್ನೇ ನೋಡುತ್ತಿದ್ದಳು.

ಬೆಳಿಗ್ಗೆಯ ತನಕ ಕಾಲ ಕಾಯಲಿಲ್ಲ. ಅದೇ ರಾತ್ರಿ ಪೆಯೋ ತನ್ನ ದೂರದ ದೊಡ್ಡಿಗೆ ಹೊರಟಿದ್ದಾಗ ಬೇಟೆ ಇಲಾಖೆಯ ಹೊಸ ವಾರ್ಡನ್ ರಸ್ತೆಯಲ್ಲಿ ನಿಲ್ಲಿಸಿದ. ಸೀಟಿನ ಮೇಲಿದ್ದ ಬಂದೂಕಿನ ಸೈಲೆನ್ಸರ್ ನೋಡಿ ಇದರ ಕಾಗದ ಎಲ್ಲಿ ಎಂದು ಕೇಳಿದ. ಪೆಯೋಗೆ ಹೆದರಿಕೆಯೇ ಇಲ್ಲ. "ಕಾಗದ ಮೆರಿಲ್ ಹತ್ರ ಇದೆ. ಹೆಸರು ಕೆತ್ತಿದಾನೆ ನೋಡಪ್ಪಾ, ಎಷ್ಟು ಚಂದ ಕೆತ್ತಿದಾನೆ," ಎಂದು ಹೆಮ್ಮೆಯಿಂದ ತೋರಿಸಿದನಂತೆ. ಆ ಹುಡುಗ ವಾರ್ಡನ್ ಕೆತ್ತಿದ ಹೆಸರು, ನಂಬರು ಬರೆದುಕೊಂಡನಂತೆ. ಆಮೇಲೆ ಬಂದೂಕು ಸಮೇತ ತೆಗೆದುಕೊಂಡು ಹೋದ.

ಎರಡು ವಾರ ಏನೂ ಆಗಲಿಲ್ಲ. ಯಾವ ಕಾರಿನ ಸದ್ದಾದರೂ ಡಾರ್ಲೀನ್ ಕಿಟಕಿಗೆ ಹೋಗುತ್ತಿದ್ದಳು. ಅರ್ಧ ಕಿವುಡ ಮೆರಿಲ್, ಅವಳು ಎದ್ದದ್ದು ಕಂಡು ತಾನೂ ಏಳುತ್ತಿದ್ದ.

ಕೊನೆಗೊಂದು ದಿನ, ನಾನೂ ಅಲ್ಲೇ ಇದ್ದಾಗ, ಇಬ್ಬರು ಫೆಡರಲ್ ಅಧಿಕಾರಿಗಳು ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಮಾತಾಡಿದ್ದೆಲ್ಲ ಹೆಂಗಸೇ. ಬೂಟಿನ ಕೆಸರು ಒರೆಸಿ ಒಳಗೆ ಬಂದಳು, ಡಾರ್ಲೀನ್ ಕೊಟ್ಟ ಕಾಫಿಗೆ ಥ್ಯಾಂಕ್ಸ್ ಹೇಳಿದಳು. ಅವಳ ದನಿ ಮೆತ್ತಗಿತ್ತು. ವರ್ಕ್‌ಶಾಪಿನಲ್ಲಿ ಮೊಳೆಗಳ ಸಾಲಿನ ಮುಂದೆ ನಿಂತಳು.

"ಈ ಕೈಗವಸು ಯಾರದು ಸಾರ್?"

ಮೆರಿಲ್ ಅದನ್ನು ತೆಗೆದಿರಲಿಲ್ಲ. ವಸ್ತು ವಾಪಸು ಬರುವ ತನಕ ಕೈಗವಸು ತೆಗೆಯುವ ಪದ್ಧತಿ ಇಲ್ಲ.

"ಪೆಯೋದು," ಎಂದ.

"ನಾನು ಕೇಳೋದು ಒಂದೇ. ನೀವು ಕೊಟ್ರಾ, ಅವರು ಕದ್ರಾ?"

ಮೆರಿಲ್ ಬಾಯಿ ತೆರೆದ. ನಾನು ಹಿಂದಿನಿಂದ ಅವನ ಅಂಗಿ ಜಗ್ಗಿದೆ. "ವಕೀಲರಿಲ್ದೆ ಮಾತಾಡಲ್ಲ ಅಂತ ಹೇಳೋ," ಎಂದೆ. ಅವಳು ನನ್ನತ್ತ ನೋಡಿ ನಕ್ಕಳು. "ಮೇಡಂ ಸರಿಯಾಗಿ ಹೇಳಿದ್ರು. ಗುರುವಾರ ಆಫೀಸಿಗೆ ಬನ್ನಿ," ಎಂದಳು.

ವಕೀಲ ಪಟ್ಟಣದವನು, ಚುರುಕು ಮನುಷ್ಯ. ಎರವಲು ಕೊಟ್ಟಿದ್ದರೆ ಇಬ್ಬರಿಗೂ ಹತ್ತು ವರ್ಷದವರೆಗೆ ಜೈಲು ಆಗಬಹುದು, ಬಂದೂಕು ಮುಟ್ಟುವ ಹಕ್ಕು ಆಯುಷ್ಯಪೂರ್ತಿ ಹೋಗುತ್ತದೆ ಎಂದ. ಕದ್ದದ್ದಾದರೆ ಮೆರಿಲ್ ಮೇಲೆ ಏನೂ ಇಲ್ಲ.

"ನೀವು ಮನೇಲಿರಲಿಲ್ಲ. ಬೀಗ ಹಾಕಿತ್ತು. ಕೊಟ್ಟಿದ್ದು ಅಂತ ಯಾರು ಹೇಳ್ತಾರೆ? ಬಾಯಿ ಮುಚ್ಕೊಂಡಿರಿ, ಸಾಕು. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ನಾನು ಬಾಯಿ ಮುಚ್ಕೊಂಡ್ರೆ ಪೆಯೋ ಏನಾಗ್ತಾನೆ?"

"ಅವರು ಅವರ ವಕೀಲರನ್ನ ನೋಡ್ಕೊಳ್ಳಲಿ. ಒಂದು ಮಾತು ನೆನಪಿರಲಿ, ಗುರುವಾರದ ತನಕ ಅವರ ಜೊತೆ ಮಾತಾಡೋಹಾಗಿಲ್ಲ. ಹೇಳಿಕೆ ಹೊಂದಿಸ್ಕೊಂಡ್ರಿ ಅಂತ ಇನ್ನೊಂದು ಕೇಸಾಗುತ್ತೆ. ಯಾರ ಮೂಲಕಾನೂ ಬೇಡ." ಇದನ್ನು ಹೇಳುವಾಗ ವಕೀಲ ನನ್ನನ್ನೇ ನೋಡಿದ.

ಮಾತಾಡಬೇಡ ಎಂದರೆ ಮೆರಿಲ್ ಮಾತಾಡುವವನಲ್ಲ. ಎರಡು ಮನೆಗಳ ನಡುವೆ ಇರುವುದು ಒಂದು ಹುಲ್ಲುಗಾವಲು, ಒಂದು ಮುಳ್ಳುತಂತಿ. ಆ ಭಾನುವಾರ ಪೆಯೋ ಊಟಕ್ಕೆ ಬರಲಿಲ್ಲ. ಡಾರ್ಲೀನ್ ಅಭ್ಯಾಸಬಲದಿಂದ ನಾಲ್ಕು ತಟ್ಟೆ ಇಟ್ಟು, ಒಂದನ್ನು ಎತ್ತಿಕೊಂಡು ಹೋದಳು. ನನಗೆ ಸಿಟ್ಟು ನೆತ್ತಿಗೇರಿತು.

"ತಂತಿ ದಾಟಿ ಹೋಗೋ ಮಾರಾಯ," ಎಂದೆ. "ಒಂದು ಮಾತು ಕೇಳ್ಕೊಂಡು ಬಾ. ಯಾರು ನೋಡ್ತಾರೆ?"

"ಹೋಗಬಾರದು ಅಂದಿದಾರೆ ಆರ್ಡಿಸ್."

"ಹಾಗಾದ್ರೆ ಗುರುವಾರ ಏನ್ ಹೇಳ್ತೀಯ?"

ಅವನು ಸಾರಿನ ಬಟ್ಟಲನ್ನು ಮುಂದಕ್ಕೆ ತಳ್ಳಿದ. "ಕೈಗವಸು ನೋಡ್ದೆ, ಸುಮ್ನಿದ್ದೆ. ಅದು ಕೊಟ್ಟ ಹಾಗೇ ಅಲ್ವಾ?"

"ಅಲ್ಲ," ಎಂದಳು ಡಾರ್ಲೀನ್. "ನೀನು ಕೊಡಲಿಲ್ಲ. ಕೇಳದೆ ಒಯ್ದ. ನನ್ನನ್ನ ಒಂಟಿ ಮಾಡಿ ಜೈಲಿಗೆ ಹೋಗೋದು ನಿನ್ನ ದೊಡ್ಡಸ್ತಿಕೇನಾ?" ಅವಳು ಅಳುತ್ತಿರಲಿಲ್ಲ. ಅಳದೆ ಹೇಳಿದ್ದರಿಂದಲೇ ನನಗೆ ಸಂಕಟವಾಯಿತು.

ಗುರುವಾರ ನಾನೇ ಗಾಡಿ ಓಡಿಸಿಕೊಂಡು ಹೋದೆ. ಡಾರ್ಲೀನ್ ಬರಲಿಲ್ಲ. ಆಫೀಸಿನ ಉದ್ದ ಓಣಿಯಲ್ಲಿ ಎದುರುಬದುರು ಬೆಂಚು, ಅಕ್ಕಪಕ್ಕ ಎರಡು ಕೋಣೆ. ಪೆಯೋ ಆಗಲೇ ಬಂದಿದ್ದ. ಮದುವೆಗಳಿಗೆ ಹಾಕುವ ಕೋಟು, ನುಣ್ಣಗೆ ಬೋಳಿಸಿದ ಮುಖ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಮೆರಿಲ್‌ನನ್ನು ಒಂದು ಕೋಣೆಗೆ ಕರೆದರು, ಪೆಯೋನನ್ನು ಇನ್ನೊಂದಕ್ಕೆ. ಬಾಗಿಲು ಹಾಕಿಕೊಂಡವು. ನಾನು ಓಣಿಯಲ್ಲಿ ಕೂತು ಆ ಬಾಗಿಲುಗಳನ್ನೇ ನೋಡುತ್ತಿದ್ದೆ.

ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹೊರಗೆ ಬಂದರು. ಮೆರಿಲ್‌ನ ಹಿಂದೆ ಅವನ ವಕೀಲ ಹಣೆ ಉಜ್ಜಿಕೊಳ್ಳುತ್ತ ಬಂದ. ಆದರೆ ಮೆರಿಲ್ ಮುಖ ಹಗುರಾಗಿತ್ತು. ಪೆಯೋ ಮುಖವೂ ಹಾಗೇ ಇತ್ತು, ಕುರಿಗೆ ಸುಖವಾಗಿ ಮರಿ ಹಾಕಿಸಿ ಬಂದವನ ಹಾಗೆ.

"ಮನೆಗೆ ಹೋಗೋ ಪೆಯೋ," ಎಂದ ಮೆರಿಲ್. "ಎಲ್ಲಾ ಹೇಳಿ ಮುಗಿಸಿದೀನಿ. ನಾನೇ ಕೊಟ್ಟಿದ್ದು, ಕಾನೂನು ಅವನಿಗೇನೂ ಗೊತ್ತಿರಲಿಲ್ಲ ಅಂತ ಸೈನ್ ಹಾಕಿದೀನಿ."

ಪೆಯೋ ಮುಖದ ಬಣ್ಣ ಇಳಿಯಿತು. "ಅಯ್ಯೋ ಪಾದ್ರಿ," ಎಂದ ಮೆಲ್ಲಗೆ. "ನಾನು ಕದ್ದೆ ಅಂತ ಹೇಳ್ದೆನಲ್ಲೋ. ನೀನು ಬೇಡ ಅಂದಿದ್ದೆ, ನೀನಿಲ್ದಾಗ ನೋಡಿ ಕದ್ದೆ ಅಂತ."

"ಕದ್ದೆ ಅಂದ್ಯಾ? ನನ್ನ ಮನೇಲಿ?"

"ಇನ್ನೇನು ಹೇಳಲಿ? ಡಾರ್ಲೀನ್ ಇದಾಳೆ ನಿನಗೆ. ನನಗ್ಯಾರಿದಾರೆ?"

ಮೆರಿಲ್ ಗೋಡೆ ಹಿಡಿದುಕೊಂಡ. ಜೈಲಿನ ಮಾತಿಗೆ ಅಲುಗದ ಮನುಷ್ಯ, 'ಕದ್ದೆ' ಎಂಬ ಆ ಒಂದು ಮಾತಿಗೆ ಮುದುಕನ ಹಾಗೆ ಕುಸಿದ.

ಹೆಂಗಸು ಅಧಿಕಾರಿ ಎರಡೂ ಹೇಳಿಕೆಗಳನ್ನು ಹಿಡಿದುಕೊಂಡು ಹೊರಗೆ ಬಂದಳು. ಅವಳ ದನಿ ಮೊದಲಿನಷ್ಟೇ ಮೆತ್ತಗಿತ್ತು. "ನಿಮ್ಮಿಬ್ಬರಲ್ಲಿ ಒಬ್ಬರು ಫೆಡರಲ್ ಅಧಿಕಾರಿಗೆ ಸುಳ್ಳು ಹೇಳಿದೀರಿ. ಅದು ಬೇರೆ ಅಪರಾಧ. ಇಬ್ಬರೂ ಹೋಗೋಹಾಗಿಲ್ಲ. ಕರೆಯೋ ತನಕ ಬೇರೆ ಬೇರೆ ಬೆಂಚಲ್ಲಿ ಕೂತ್ಕೊಳ್ಳಿ. ಮಾತಾಡಬೇಡಿ."

ಪೆಯೋ ಹೋಗಿ ಎದುರಿನ ಬೆಂಚಿನಲ್ಲಿ ಕೂತು ನೆಲ ನೋಡತೊಡಗಿದ. ವಕೀಲ ನನ್ನ ಪಕ್ಕದ ಜಾಗ ತೋರಿಸಿ ಮೆರಿಲ್‌ಗೆ ಕೂರಲು ಹೇಳಿದ. ಮೆರಿಲ್ ಆ ಜಾಗವನ್ನು ನೋಡಿದ, ಅಧಿಕಾರಿಯನ್ನು ನೋಡಿದ. ಆಮೇಲೆ ಓಣಿ ದಾಟಿ ಹೋಗಿ ಪೆಯೋನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಂತೆ ಕೂತ.

"ಸಾರ್, ಏಳಿ ಅಲ್ಲಿಂದ," ಎಂದಳು ಅವಳು.

"ಏಳಲ್ಲ," ಎಂದ ನನ್ನ ಅಣ್ಣ.