ಲಾಳಿ ಅಳತೆಯ ಮೀನು

ಆಗ ನನಗೆ ಐವತ್ತೆರಡು. ಇಪ್ಪತ್ತು ವರ್ಷದ ಮೇಲಾಯಿತು. ಗಂಡ ಸತ್ತ ಮೇಲೆ ಅವನ ಮಗ್ಗ ಮೈದುನನಿಗೆ ಹೋಯಿತು, ಅವನ ಗಾಳ ನನಗೆ ಬಂತು. ಹಂಚಿಕೆ ಸರಿಯಾಗಿದೆ ಎಂದರು ದೊಡ್ಡವರು. ನಾನೂ ಸರಿ ಎಂದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಸಂಜೆಯವರೆಗೆ ಏಳುವಂತಿಲ್ಲ. ಗಾಳ ಹಿಡಿದವಳಿಗೆ ಬೇಸರವಾದರೆ ಎದ್ದು ಬರಬಹುದು.

ಮೊಳಕಾಲ್ಮೂರಿನಲ್ಲಿ ನೇಯುವವರ ಬೀದಿ ನಮ್ಮದು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆಗಳನ್ನು ಬೆಳಿಗ್ಗೆ ಮೈದುನನಿಗೆ ಸುತ್ತಿಕೊಟ್ಟರೆ ನನ್ನ ಕೆಲಸ ಮುಗಿಯಿತು. ಆಮೇಲೆ ಕೆರೆ. ಕೆರೆಯ ಮೀನನ್ನು ಗುತ್ತಿಗೆ ಹಿಡಿದಿದ್ದವನು ಚಳ್ಳಕೆರೆಯವನು. ದೊಡ್ಡ ಮನಸ್ಸು ಮಾಡಿ ಒಂದು ಕಾನೂನು ಇಟ್ಟಿದ್ದ: ಗೇಣುದ್ದದ ಮೀನು ಗಾಳದವರಿಗೆ, ಅದಕ್ಕಿಂತ ಉದ್ದದ್ದೆಲ್ಲ ಬಲೆಗೆ, ಅಂದರೆ ಅವನಿಗೆ. ಗಾಳ ಕಚ್ಚಿದ ದೊಡ್ಡ ಮೀನು ತನ್ನ ಉದ್ದ ತಾನೇ ತಿಳಿದು, ಬಿಡಿಸಿಕೊಂಡು, ಬಲೆಯ ಕಡೆಗೆ ನಡೆಯಬೇಕು. ನನಗೆ ಸಿಕ್ಕವು ಹೋಗಲಿಲ್ಲ, ನಾನೂ ಕಳಿಸಲಿಲ್ಲ.

ನನ್ನ ಜಾಗ ಹಳೇ ತೂಬಿನ ಬುಡ. ಎರಡು ಕಲ್ಲುಕಂಬ, ಮೇಲೊಂದು ಅಡ್ಡಕಲ್ಲು. ಅದರ ನೆರಳಿನಲ್ಲಿ ಕೊರವ ಮೀನುಗಳು ಮಲಗಿರುತ್ತಿದ್ದವು. ಬೇರೆ ಯಾರೂ ಅತ್ತ ಬರುತ್ತಿರಲಿಲ್ಲ. ಅಲ್ಲಿ ಹಾವಿದೆ ಎಂದು ಊರಿಗೆಲ್ಲ ಹೇಳಿದ್ದವಳು ನಾನೇ.

ತೊಂದರೆ ಇದ್ದದ್ದು ಮನೆಯಲ್ಲಿ. ಇಡೀ ಮೀನು ನಮ್ಮ ಬಾಗಿಲು ದಾಟುವಂತಿರಲಿಲ್ಲ. ಮಗ್ಗದ ಮೇಲೆ ರೇಷ್ಮೆ, ರೇಷ್ಮೆಗೆ ವಾಸನೆ ಬೇಗ ಹತ್ತುತ್ತದೆ. ಒಮ್ಮೆ ಸೀರೆ ಸಾಹುಕಾರ ಸೆರಗು ಮೂಸಿ ನೋಡಿ, "ಇದು ಧಾರೆಗೆ ಉಡೋದೋ, ಸಾರಿಗೆ ಹಾಕೋದೋ?" ಎಂದು ಕೇಳಿದ. ಅವತ್ತಿನಿಂದ ಮೈದುನ ಕಟ್ಟುನಿಟ್ಟು ಮಾಡಿಬಿಟ್ಟ. ಹಾಗಾಗಿ ಕೆರೆ ಹತ್ತಿರವೇ ಉಜ್ಜಿ, ಕೊಯ್ದು, ತೊಳೆದು, ಮುಚ್ಚಳದ ಪಾತ್ರೆಯಲ್ಲಿ ತುಂಡು ತಂದು ಹಿತ್ತಲ ಒಲೆಯಲ್ಲಿ ಬೇಯಿಸುತ್ತಿದ್ದೆ. ತುಂಡಿಗೆ ರುಚಿ ಇರುತ್ತದೆ, ಉದ್ದ ಇರುವುದಿಲ್ಲ.

ಮೈದುನ ಎರಡೆರಡು ಸಲ ಹಾಕಿಸಿಕೊಂಡು ತಿಂದು ಬೆರಳು ನೆಕ್ಕುವಾಗ ಕೇಳುತ್ತಿದ್ದ. ಮನೆಮಾತು ತೆಲುಗು ಆದ್ದರಿಂದ ಅತ್ತಿಗೆಯಾದ ನನ್ನನ್ನು ಅವನು ವದಿನಾ ಎನ್ನುತ್ತಿದ್ದ.

"ವದಿನಾ, ಎಷ್ಟು ಮರಿ ಸೇರಿಸಿ ಕೊಯ್ದ್ರಿ?"

"ಒಂದೇ ಮೀನು ಕಣಪ್ಪಾ."

"ಒಂದೇನಾ! ಹಂಗಾದ್ರೆ ಕೆರೆಯಾಗೆ ನೀರು ಎಲ್ಲಿ ಹಿಡಿಸ್ತು?"

"ತಿನ್ನೋವಾಗ ಮರಿ ಅನ್ನಿಸ್ಲಿಲ್ವಾ?"

"ತಿನ್ನೋದಕ್ಕೆ ಚೆನ್ನಾಗೈತೆ. ನಂಬೋದಕ್ಕೆ ಮುಳ್ಳು ಜಾಸ್ತಿ."

ಈ ಮಾತು ಬೀದಿಗೆ ಬಿತ್ತು. ಯಾರಾದರೂ ಜರಿ ಹೆಚ್ಚು ಹಾಕಿದ್ದೇನೆ ಎಂದರೆ, ಬೀಗರು ಕಾರಿನಲ್ಲಿ ಬಂದಿದ್ದರು ಎಂದರೆ, ಪಕ್ಕದ ಮಗ್ಗದವನು "ವದಿನ ಮೀನು" ಎನ್ನುತ್ತಿದ್ದ. ಸುಳ್ಳು ಎನ್ನುವ ಮಾತಿಗೆ ಕೆಲಸವೇ ಇಲ್ಲವಾಯಿತು. ಗಂಡಸರು ಹೇಳುವ ಸುಳ್ಳಿಗೆಲ್ಲ ನನ್ನ ಹೆಸರು. ಒಂದು ಸಲವಾದರೂ ಇವರ ಬಾಯಿ ಮುಚ್ಚಿಸಬೇಕು ಎಂದು ನನಗೆ ಹಟ ಹತ್ತಿತು.

ಚಳ್ಳಕೆರೆಗೆ ಕೊಟ್ಟ ಮಗಳ ಕೂಸಿಗೆ ತೊಟ್ಟಿಲು ಹಾಕಿದಾಗ ಅಳಿಯ ಒಂದು ಕ್ಯಾಮೆರಾ ತಂದಿದ್ದ. ಹೋಗುವಾಗ ಮರೆತು ಹೋದ. ರೀಲಿನಲ್ಲಿ ಅರ್ಧ ಉಳಿದಿತ್ತು. ಅದರಲ್ಲಿ ಒಂದು ಗುಂಡಿ ಒತ್ತಿಬಿಟ್ಟರೆ ಕೆಂಪು ದೀಪ ಮಿಟುಕಿ ಮಿಟುಕಿ ಕೊನೆಗೆ ತಾನೇ ಫೋಟೋ ಹೊಡೆಯುತ್ತದೆ. ಒತ್ತಿದವನು ಓಡಿಬಂದು ಎಲ್ಲರ ಮಧ್ಯೆ ನಿಲ್ಲಬಹುದು. ಅಳಿಯ ಹಾಗೆ ಓಡಿಬರುವಾಗ ತೊಟ್ಟಿಲಿಗೆ ಎಡವಿದ್ದನ್ನು ನೋಡಿಯೇ ನಾನು ಆ ವಿದ್ಯೆ ಕಲಿತೆ. ಒಂಟಿಯಾಗಿ ಮೀನು ಹಿಡಿಯುವವಳಿಗೆ ಫೋಟೋ ಹೊಡೆಯಲು ಇನ್ನು ಯಾರು ಸಿಗುತ್ತಾರೆ?

ಮೊದಲ ದಿನ ಏರಿಯ ಕಲ್ಲಿನ ಮೇಲೆ ಕ್ಯಾಮೆರಾ ಇಟ್ಟು, ಗುಂಡಿ ಒತ್ತಿ, ಮೀನು ತಬ್ಬಿಕೊಂಡು ಓಡಿದೆ. ಕ್ಯಾಮೆರಾ ಹೊಡೆಯುವ ಹೊತ್ತಿಗೆ ಮೀನು ಜಾರಿ ನೀರಿಗೆ ಬಿದ್ದಿತ್ತು. ತಪ್ಪಿಸಿಕೊಂಡ ಮೀನಿನ ಕತೆ ಎಲ್ಲರ ಹತ್ತಿರವೂ ಇರುತ್ತದೆ. ತಪ್ಪಿಸಿಕೊಂಡ ಮೀನಿನ ಬಾಲದ ಫೋಟೋ ಇದ್ದದ್ದು ನನ್ನ ಹತ್ತಿರ ಮಾತ್ರ.

ರೀಲು ಮುಗಿಸಿ ಚಳ್ಳಕೆರೆಯ ಸ್ಟುಡಿಯೋಕ್ಕೆ ಕೊಟ್ಟೆ. ಮೊಳಕಾಲ್ಮೂರಿನಲ್ಲೇ ತೊಳೆಸಿದರೆ ಗುಟ್ಟು ರಟ್ಟಾಗುತ್ತದೆ ಎಂದು ಬಸ್ಸು ಹತ್ತಿ ಬಿ.ಜಿ. ಕೆರೆ ದಾಟಿ ಅಷ್ಟು ದೂರ ಹೋದ ಜಾಣೆ ನಾನು. ಸ್ಟುಡಿಯೋದವನು ಸಾಬರ ಪೈಕಿ, ನಗುಮುಖದವನು.

"ಅಮ್ಮಾ, ಕೂಸು ಏಕ್ದಂ ಫಸ್ಟ್ ಕ್ಲಾಸ್ ಬಂದೈತೆ. ಈ ಮೀನು ಹಿಡಿದಿರೋದು ಯಾರು? ತಲೇನೇ ಇಲ್ಲ."

"ನಾನೇ."

"ಇದ್ರಾಗೆ ತಲೆ ಐತೆ, ಮೀನಿಲ್ಲ."

"ಅದೂ ನಾನೇ."

ಅವನು ನಕ್ಕು ನನ್ನನ್ನು ಕೂರಿಸಿ ಪಾಠ ಹೇಳಿದ. ಬಿಸಿಲು ಬೆನ್ನಿಗಲ್ಲ, ಮುಖಕ್ಕೆ ಬೀಳಬೇಕು. ಮೀನಿನ ಮೈ ಒದ್ದೆ ಇದ್ದರೆ ಹೊಳೆಯುತ್ತದೆ, ಒಣಗಿದರೆ ಹಳೇ ಚಪ್ಪಲಿ. ಅಳತೆ ತಿಳಿಯಲು ಪಕ್ಕಕ್ಕೆ ಬೆಂಕಿಪೊಟ್ಟಣವನ್ನೋ ಪೆನ್ನನ್ನೋ ಇಡಬೇಕು. "ಮತ್ತೆ ಹಿಂದ್ಗಡೆ ಬಿಲ್ಕುಲ್ ಖಾಲಿ ಐತಮ್ಮಾ. ಏನಾರ ಒಂದು ಸೀನರಿ ಬರ್ಲಿ." ಹೊಸ ರೀಲು ಹಾಕಿ ಕಳಿಸಿದ.

ಉಳಿದದ್ದನ್ನು ನಾನೇ ಕಂಡುಕೊಂಡೆ. ಮೀನು ಸಿಕ್ಕ ಕೂಡಲೇ ಕಿವಿರಿಗೆ ದಾರ ಪೋಣಿಸಿ ಗೂಟಕ್ಕೆ ಕಟ್ಟಿ ನೀರಲ್ಲೇ ಬಿಡಬೇಕು. ನಾನು ನಿಲ್ಲುವ ಕಡೆ ಒಂದು ಕೋಲು ನೆಟ್ಟು, ಕ್ಯಾಮೆರಾದ ಕಿಂಡಿಯಲ್ಲಿ ಆ ಕೋಲು ಪೂರ್ತಿ ಕಾಣುವ ಹಾಗೆ ಕಲ್ಲು ಹೊಂದಿಸಬೇಕು. ಗುಂಡಿ ಒತ್ತಿದ ಮೇಲೆ ಓಡಬಾರದು, ಸರಸರ ನಡೆಯಬೇಕು. ಓಡಿದರೆ ಬಾಯಿ ತೆರೆದ ಫೋಟೋ ಬರುತ್ತದೆ, ಯಾವುದು ಮೀನು ಎಂದು ಹುಡುಕಬೇಕಾಗುತ್ತದೆ.

ಅಳತೆಗೆ ಬೆಂಕಿಪೊಟ್ಟಣ ನನಗೆ ಸರಿಬರಲಿಲ್ಲ. ನಮ್ಮ ಬೀದಿಯವರು ಬೆಂಕಿಪೊಟ್ಟಣವನ್ನೂ ನಂಬುವವರಲ್ಲ. ಅವರು ನಂಬುವುದು ಲಾಳಿಯನ್ನು. ನಮ್ಮ ಸೀರೆಗೆ ಮೂರು ಲಾಳಿ ಓಡುತ್ತವೆ, ಎರಡು ಅಂಚಿಗೆ, ಒಂದು ಒಡಲಿಗೆ. ನಮ್ಮ ಮನೆಯಲ್ಲಿ ಅಂಚಿನವು ಗಿಡ್ಡ, ಒಡಲಿನದು ಉದ್ದ. ಆ ಉದ್ದ ಬೀದಿಯ ಒಬ್ಬೊಬ್ಬ ಗಂಡಸಿನ ಅಂಗೈಗೂ ಗೊತ್ತು. ಮಗ್ಗದ ಉದ್ದೆಳೆಗಳ ಹಳೇ ಹಾಸು ಮುಗಿದು ಹೊಸ ಹಾಸು ಏರಿಸುವ ದಿನಗಳಲ್ಲಿ ಲಾಳಿಗೆ ರಜ. ಆಗ ಒಡಲಿನ ಲಾಳಿಯನ್ನು ಪಾತ್ರೆಯೊಳಗೆ ಹಾಕಿಕೊಂಡು ಕೆರೆಗೆ ಹೋದೆ.

ಆ ಮೀನು ಅಂಥ ಒಂದು ದಿನವೇ ಕಚ್ಚಿತು. ಎರಡು ಲಾಳಿ ಉದ್ದಕ್ಕೆ ನಾಲ್ಕು ಬೆರಳು ಕಮ್ಮಿ. ಎಲ್ಲವನ್ನೂ ಪಾಠದ ಪ್ರಕಾರ ಮಾಡಿದೆ. ಮುಖಕ್ಕೆ ಬಿಸಿಲು, ಮೀನಿಗೆ ನೀರು, ಬೆರಳ ಸಂದಿಯಲ್ಲಿ ಲಾಳಿ ಸಿಕ್ಕಿಸಿ ಮೀನಿನ ಮೈಗೆ ಒತ್ತಿ ಹಿಡಿದದ್ದು. ಸೀನರಿ ಬೇಕೆಂದಿದ್ದನಲ್ಲ, ಹಿಂದುಗಡೆ ತೂಬಿನ ಕಲ್ಲುಕಂಬ ಚೆನ್ನಾಗಿ ಬರುವಂತೆ ನಿಂತೆ.

ಮತ್ತೆ ಚಳ್ಳಕೆರೆಗೆ ಹೋಗಿ ರೀಲು ಕೊಟ್ಟುಬಂದೆ. ಫೋಟೋ ತರಲು ಹೋದ ದಿನ ನೋಡಿದರೆ ಸ್ಟುಡಿಯೋದ ಗಾಜಿನೊಳಗೆ ನಾನೇ ನಿಂತಿದ್ದೇನೆ. ಆ ಕಡೆ ಬಾಸಿಂಗ ಕಟ್ಟಿದ ಮದುಮಕ್ಕಳು, ಈ ಕಡೆ ಪ್ಲಾಸ್ಟಿಕ್ ಚಂದ್ರನ ಮೇಲೆ ಕೂತ ಮಗು, ನಡುವೆ ನಾನು ಮತ್ತು ಕೊರವ ಮೀನು. "ಇಂಥಾ ಫೋಟೋ ಯಾರೂ ತಂದಿಲ್ಲಮ್ಮಾ, ಗಿರಾಕಿ ನಿಂತು ನೋಡ್ತಾರೆ," ಎಂದ. ಇರಲಿ ಬಿಡು ಎಂದೆ. ಗಾಜಿನೊಳಗೆ ನಿಂತವಳಿಗೆ ಬುದ್ಧಿ ಸ್ವಲ್ಪ ಮಂಕಾಗುತ್ತದೆ.

ಸಂಜೆ ಮನೆಗೆ ಬಂದೆ. ಮೈದುನ ಮಗ್ಗದಲ್ಲಿದ್ದ. ಕಾಲು ತೊಳೆದು, ಫೋಟೋದ ಲಕೋಟೆ ಅವನ ಮುಂದೆ ಹಿಡಿಯಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಮೋಟಾರು ಬೈಕು ನಿಂತಿತು. ಇಳಿದವನು ಕೆರೆಯ ಗುತ್ತಿಗೆದಾರ. ಜೇಬಿನಿಂದ ತೆಗೆದದ್ದು ನನ್ನದೇ ಫೋಟೋ. ಗಾಜಿನಲ್ಲಿದ್ದದ್ದನ್ನು ಸ್ಟುಡಿಯೋದವನಿಂದ ಇಸಿದುಕೊಂಡು, ವಿಳಾಸವನ್ನೂ ಕೇಳಿಕೊಂಡು ಬಂದಿದ್ದ.

"ಅಮ್ಮಾ, ತೂಬು ನಮ್ಮ ಕೆರೇದು. ಮೀನು?"

"ಮೀನು ಗೇಣುದ್ದದ್ದು," ಎಂದೆ.

"ಯಾರ ಗೇಣಮ್ಮಾ, ರಾಕ್ಷಸಂದಾ?"

"ಕ್ಯಾಮೆರಾ ಹತ್ರ ಹಿಡಿದ್ರೆ ಇಲೀನೂ ಎಮ್ಮೆ ಹಂಗೆ ಕಾಣ್ತೈತೆ ಕಣಪ್ಪಾ."

"ಅದು ನನಗೂ ಗೊತ್ತೈತೆ. ಮೀನಿನ ಮೈಗೆ ಒತ್ತಿಕೊಂಡು ಕಟ್ಟಿಗೇದು ಇದೇನಿದು?"

"ಲಾಳಿ. ಅಂಚಿನ ಲಾಳಿ. ಗಿಡ್ಡ, ಅರ್ಧ ಗೇಣು ಇರ್ತೈತೆ."

ಗೇಣುದ್ದದ ಮೀನು ಅಂತ ಅವನು ಒಪ್ಪಿದರೆ ತೂಬಿನ ಜಾಗ ನನಗೆ ಉಳಿಯುತ್ತದೆ. ಅವನು ತಲೆಯಾಡಿಸುತ್ತ ಫೋಟೋವನ್ನು ಜೇಬಿಗೆ ಇಡುವುದರಲ್ಲಿದ್ದ. ಮಗ್ಗದ ಸದ್ದು ನಿಂತಿತು.

"ಯಾವ ಲಾಳಿ? ಕೊಡ್ರಿ ಇಲ್ಲಿ," ಎಂದ ಮೈದುನ. ಫೋಟೋ ಇಸಿದುಕೊಂಡು ಬೆಳಕಿಗೆ ಹಿಡಿದ. ಮೀನಿನ ಕಡೆ ಕಣ್ಣೇ ಹೋಗಲಿಲ್ಲ. "ಏನ್ರಿ ವದಿನಾ, ಇದು ಅಂಚಿನದಾ? ಮೂಗು ಸವೆದಿರೋದು ಕಾಣಲ್ವಾ? ಒಡಲಿನ ಲಾಳಿ ಇದು, ನಮ್ಮಪ್ಪ ಮಾಡಿಸಿದ್ದು. ಅಂಚಿನ ಲಾಳಿಗೆ ಇಂಥ ಹೊಟ್ಟೆ ಎಲ್ಲೈತೆ?"

ನಾನು ಅವನ ಕಡೆ ಕಣ್ಣು ಬಿಟ್ಟೆ, ಕೆಮ್ಮಿದೆ. ಲಾಳಿಯ ವಿಷಯದಲ್ಲಿ ತಪ್ಪು ಮಾತು ಕೇಳಿದ ನೇಕಾರನಿಗೆ ಅತ್ತಿಗೆಯ ಕೆಮ್ಮು ಕೇಳುವುದಿಲ್ಲ. ಮಗ್ಗದಿಂದ ಲಾಳಿಯನ್ನೇ ತೆಗೆದು, ನೂಲು ಸಮೇತ, ಗುತ್ತಿಗೆದಾರನ ಕೈಗೆ ಕೊಟ್ಟ. ಸಾಲದು ಎಂದು ಪಕ್ಕದ ಮಗ್ಗದವನನ್ನೂ ಕರೆದ. ಅವನೂ ಫೋಟೋ ನೋಡಿ, "ಒಡಲಿಂದೇ. ಅನುಮಾನವೇ ಇಲ್ಲ," ಎಂದು ಸಾಕ್ಷಿ ಹೇಳಿದ. ಗುತ್ತಿಗೆದಾರ ಬೆರಳಿನಲ್ಲಿ ಫೋಟೋದ ಲಾಳಿ ಅಳೆದು, ಮೀನು ಅಳೆದು, ಕೈಯಲ್ಲಿದ್ದ ಲಾಳಿಯನ್ನು ನೋಡಿದ. ಲೆಕ್ಕ ಅವನಿಗೆ ಬರುತ್ತಿತ್ತು.

ಆಗ ಮೈದುನನ ಕಣ್ಣು ಲಾಳಿಯಿಂದ ಮೀನಿಗೆ ಜಾರಿತು.

"ವದಿನಾ... ಇದು ಒಂದೇ ಮೀನಾ?"

"ಅಲ್ಲಪ್ಪಾ. ಮರಿಗಳನ್ನ ಸೇರಿಸಿ ಹೊಲಿದಿದ್ದೀನಿ."

"ಅಂದ್ರೆ ಇಷ್ಟು ದಿನ ನೀವು ಹೇಳಿದ್ದೆಲ್ಲ ನಿಜವೇನಾ?" ಎಂದು ಗುತ್ತಿಗೆದಾರನ ಕಡೆ ತಿರುಗಿದ. ನನ್ನ ಪರವಾಗಿ ಅವನು ಎದೆಯುಬ್ಬಿಸಿ ಮಾತಾಡಿದ್ದು ಅದೇ ಮೊದಲು. "ನಮ್ಮ ವದಿನ ಸುಳ್ಳು ಹೇಳೋರಲ್ಲ ಅಣ್ಣಾ! ಇದೊಂದೇ ಅಲ್ಲ, ಇಂಥವು ಎಷ್ಟು ತಂದಿದ್ದಾರೋ! ಬಾಯಾರೆ ತಿಂದಿರೋನು ನಾನೇ ಹೇಳ್ತೀನಿ."

ಇದೇ ಮಾತನ್ನು ಕೇಳಲೆಂದು ನಾನು ಎರಡು ರೀಲು ತೊಳೆಸಿದ್ದೆ.

ಗುತ್ತಿಗೆದಾರ ಸಿಟ್ಟು ಮಾಡಲಿಲ್ಲ. ಕೈ ಮುಗಿದ. "ಫೋಟೋ ಬೊಂಬಾಟಾಗಿ ಬಂದೈತಮ್ಮಾ. ನಾಳೆಯಿಂದ ತೂಬಿನ ಕಡೆ ಬರಬ್ಯಾಡ್ರಿ. ಅಲ್ಲಿ ನಮ್ಮ ಬಲೆ ಬೀಳ್ತೈತೆ."

"ಅಲ್ಲಿ ಹಾವೈತೆ," ಎಂದೆ.

"ಫೋಟೋದಾಗೆ ಕಾಣ್ಲಿಲ್ಲ," ಎಂದು ಬೈಕು ಹತ್ತಿದ.

ಅವನು ಬೀದಿ ದಾಟಿದ ಮೇಲೆ ಮೈದುನನಿಗೆ ಇನ್ನೊಂದು ಹೊಳೆಯಿತು. "ರೇಷ್ಮೆ ಲಾಳಿನ ಮೀನಿಗೆ ಹಚ್ಚಿದ್ರಾ ವದಿನಾ!" ಎಂದು ಕೂಗಿ ಮೂಸಿ ನೋಡಿದ. ಹೊಸ ಹಾಸು ಏರಿದಾಗಿನಿಂದ ಅದೇ ಲಾಳಿಯಲ್ಲಿ ನೇಯುತ್ತಿದ್ದವನ ಮೂಗಿಗೆ ವಾಸನೆ ಬಂದದ್ದು ಆ ಗಳಿಗೆಯಲ್ಲಿ. ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಜಗಲಿಯ ಮೇಲೆ ಒಣಗಲು ಇಟ್ಟ. ಒಣಗುವತನಕ ಮಗ್ಗ ಬಂದ್ ಎಂದ.

ಮಾರನೆಯ ಬೆಳಿಗ್ಗೆ ನಾನು ಕಂಡಿಕೆ ಸುತ್ತಲಿಲ್ಲ, ಕೆರೆಗೂ ಹೋಗಲಿಲ್ಲ. ಜಗಲಿಯ ಮೇಲಿದ್ದ ಲಾಳಿಯನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋದೆ. ಸ್ಟುಡಿಯೋದವನು ಆಗ ತಾನೇ ಬಾಗಿಲು ಎತ್ತುತ್ತಿದ್ದ. ಆ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡು, ಮಗ್ಗದ ಎದುರು ಗೋಡೆಗೆ ಹಾಕಬೇಕು ಎಂದೆ.

"ಯಾವ ಸೈಜು ಅಮ್ಮಾ?"

ಲಾಳಿ ತೆಗೆದು ಅವನ ಮೇಜಿನ ಮೇಲಿಟ್ಟೆ. "ಫೋಟೋದಾಗಿರೋ ಲಾಳಿ ಇದರಷ್ಟುದ್ದ ಬರಬೇಕು. ಮೀನು ತಾನಾಗೇ ಸರಿಹೋಗ್ತೈತೆ. ತೂಬು ಕತ್ತರಿಸಿಬಿಡು."