ಶರಣ್ಯಾಳ ಮಣ್ಣಿನ ಪರೀಕ್ಷೆ

ನನ್ನ ಸೊಸೆ ಶರಣ್ಯಾ ನಲವತ್ತರ ಹತ್ತಿರ ಬಂದ ಮೇಲೆ ಡಾಕ್ಟರೇಟ್‌ಗೆ ಸೇರಿದವಳು. ಕೈಗಾರಿಕಾ ತಂತ್ರಜ್ಞಾನ ಅಂತ ಅದರ ಹೆಸರು. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ತಿಳಿದದ್ದು ಇಷ್ಟು. ತಾಳೆಎಣ್ಣೆ ತೆಗೆದ ಮೇಲೆ ಉಳಿಯುವ ಗೊನೆಯ ನಾರಿಗೆ ಮರಗೆಣಸಿನ ಹಿಟ್ಟು ಸೇರಿಸಿ ಅವಳು ತೆಳ್ಳನೆಯ ಹಾಳೆ ಮಾಡುತ್ತಿದ್ದಳು. ಪ್ಲಾಸ್ಟಿಕ್ಕಿನ ಬದಲು ತಿಂಡಿ ಕಟ್ಟಲು ಅದು ಬರಬೇಕು, ಬಿಸಾಕಿದರೆ ಮಣ್ಣಲ್ಲಿ ಕರಗಬೇಕು.

ನಾನು ಮೈಸೂರಿನಿಂದ ಮಲೇಷ್ಯಾದ ಸುಬಾಂಗ್ ಜಯಾಕ್ಕೆ, ಮಗ ಶ್ರೀಪತಿಯ ಮನೆಗೆ ಬಂದ ಮರುತಿಂಗಳೇ ಕೊರೋನಾ ಬಂದು ವಿಮಾನಗಳು ನಿಂತವು. ಅವಳ ಲ್ಯಾಬಿಗೂ ಬೀಗ ಬಿತ್ತು. ಓದು ಮುಗಿಸಲು ಕೊಟ್ಟಿದ್ದ ಗಡುವು ಮಾತ್ರ ನಿಲ್ಲಲಿಲ್ಲ. ಅದನ್ನು ಆಗಲೇ ಒಮ್ಮೆ ಮುಂದೂಡಿಸಿಕೊಂಡಾಗಿತ್ತು. ಉಳಿದದ್ದು ಮಣ್ಣಿನ ಪರೀಕ್ಷೆ. ಗೈಡ್ ಮೇಡಂ ಒಪ್ಪಿದ ಮೇಲೆ ಬಾಲ್ಕನಿಯಲ್ಲಿ ಕುಂಡಗಳನ್ನಿಟ್ಟು ಹಾಳೆಯ ಚೂರುಗಳನ್ನು ಹೂತಳು. ಎಲ್ಲಕ್ಕೂ ಅಳೆದು ಒಂದೇ ಸಮ ನೀರು. ವಾರಕ್ಕೊಮ್ಮೆ ಚೂರು ತೆಗೆದು, ತೊಳೆದು, ಒಣಗಿಸಿ ತೂಗುವಳು. ತೂಗುವಾಗ ಫ್ಯಾನ್ ಹಾಕುವ ಹಾಗಿಲ್ಲ. ನಾವೆಲ್ಲ ಬೆವರುತ್ತ, ಉಸಿರು ಬಿಗಿಹಿಡಿದು ಕೂರುತ್ತಿದ್ದೆವು.

ಚೂರುಗಳು ಎಣಿಸಿದ್ದಕ್ಕಿಂತ ಬೇಗ ಕರಗತೊಡಗಿದವು. ಅವಳ ಮುಖದಲ್ಲಿ ನಗು ಕಂಡದ್ದು ಆಗಲೇ. ಲೆಕ್ಕ ಕಳಿಸಿದಾಗ ಮೇಡಂ ಕೂಡ ಹಿಗ್ಗಿದರಂತೆ.

ಆಗ ಶ್ರೀಪತಿಗೂ ಮನೆಯಿಂದಲೇ ಆಫೀಸು, ಅಡುಗೆ ಅವನದಾಗಿತ್ತು. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ಅಕ್ಕಚ್ಚನ್ನು ಬಚ್ಚಲಿಗೆ ಚೆಲ್ಲುವ ರೂಢಿಯಿಲ್ಲ, ಗಿಡದ ಬುಡಕ್ಕೇ ಹಾಕಬೇಕು. ಒಂದು ಬೆಳಿಗ್ಗೆ ಅವನು ಆ ನೀರನ್ನು ಅವಳ ಕುಂಡಗಳಿಗೆ ಸುರಿಯುತ್ತಿದ್ದುದನ್ನು ಶರಣ್ಯಾ ಕಂಡಳು.

"ರೀ, ಇದನ್ನ ಎಷ್ಟು ದಿನದಿಂದ ಹಾಕ್ತಿದೀರ?"

"ಮೊದಲಿಂದಾನೂ ಆಗಾಗ ಸ್ವಲ್ಪ. ಮಣ್ಣು ಒಣಗಿತ್ತು ಕಣೆ, ಹೆಲ್ಪ್ ಆಗ್ಲಿ ಅಂತ."

ಅವಳು ಅವನ ಕೈಯಿಂದ ಪಾತ್ರೆ ಕಿತ್ತು ಕೆಳಗಿಟ್ಟಳು. ಹಿಟ್ಟಿನ ನೀರಿಗೆ ಮಣ್ಣಿನ ಹುಳಹುಪ್ಪಟೆ ಹೆಚ್ಚಿ ಹಾಳೆಯನ್ನು ತಿಂದು ಹಾಕಿವೆ, ಹಾಳೆಯ ಗುಣದಿಂದ ಅದು ಕರಗಿದ್ದಲ್ಲ ಅಂತ ನನಗೆ ಬಿಡಿಸಿ ಹೇಳಿದಳು. ಶ್ರೀಪತಿ ಬಿಳಿಚಿಕೊಂಡಿದ್ದ.

"ಮೇಡಂಗೆ ಹೇಳ್ಬೇಡ. ಯಾರಿಗೆ ಗೊತ್ತಾಗುತ್ತೆ?"

"ನಾಳೆ ಇನ್ಯಾರೋ ಮಾಡಿ ನೋಡ್ತಾರೆ, ಕರಗಲ್ಲ. ಆಗ ಏನು ಹೇಳ್ಲಿ? ನಮ್ಮನೇಲಿ ಗಂಡ ಅನ್ನ ಮಾಡ್ತಾರೆ ಅಂತಲಾ?"

ಮಧ್ಯಾಹ್ನ ಮೇಡಂಗೆ ವಿಡಿಯೋ ಕರೆ ಮಾಡಿದಳು. ಇಂಗ್ಲಿಷ್ ನನಗೆ ತಿಳಿಯದು. ಅವಳ ಕೈ ದುಪ್ಪಟ್ಟದ ಅಂಚನ್ನು ಹಿಂಡುತ್ತಿದ್ದುದನ್ನೇ ನೋಡಿದೆ. ಕಳಿಸಿದ್ದನ್ನೆಲ್ಲ ಬಿಟ್ಟು ಹೊಸದಾಗಿ ಮಾಡು, ಇನ್ನೊಂದು ಸೆಮಿಸ್ಟರ್ ಕೇಳಿ ನೋಡುತ್ತೇನೆ, ಸಿಗುತ್ತದೆ ಅನ್ನಲಾರೆ ಅಂತ ಮೇಡಂ ಅಂದರಂತೆ.

ಯೂನಿವರ್ಸಿಟಿಯ ಉತ್ತರಕ್ಕೆ ಕಾಯದೆ ಅವಳು ಹೊಸ ಮಣ್ಣು ತುಂಬಿದಳು. ಫೋನ್ ಕಿಣಿಗುಟ್ಟಿದರೆ ಸಾಕು, ಮೂವರೂ ಅದರತ್ತ ಓಡುತ್ತಿದ್ದೆವು. ಗಡುವು ಮುಗಿಯಲು ನಾಲ್ಕೈದು ದಿನವಿದ್ದಾಗ ಉತ್ತರ ಬಂತು: ಒಂದೇ ಸೆಮಿಸ್ಟರ್, ಅದರ ಮೇಲೆ ಕೇಳಕೂಡದು.

ಈ ಸಲ ಹಾಳೆ ಮೊಂಡು ಹಿಡಿಯಿತು. ಸೆಮಿಸ್ಟರ್ ಮುಗಿಯುತ್ತ ಬಂದರೂ ಅರ್ಧ ಹಾಗೇ ಉಳಿದಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದು ಪ್ರಬಂಧ ಕೊಟ್ಟಳು. ಮರುವರ್ಷ ಕಂಪ್ಯೂಟರಿನಲ್ಲೇ ಮೌಖಿಕ ಪರೀಕ್ಷೆ. ಅರ್ಧ ಕರಗುವ ಹಾಳೆ ಯಾರಿಗೆ ಬೇಕು ಅಂತ ಪರೀಕ್ಷಕರೊಬ್ಬರು ಜಾಡಿಸಿದರಂತೆ. ಆಮೇಲೆ ಅವಳನ್ನು ಕರೆಯಿಂದ ಹೊರಗೆ ಕಾಯಲು ಹೇಳಿ, ಅವರವರೇ ಮಾತಾಡಿಕೊಂಡರು. ಖಾಲಿ ಪರದೆಯ ಮುಂದೆ ಅವಳು, ಬಾಗಿಲಲ್ಲಿ ನಾವಿಬ್ಬರು.

ಕೊನೆಗೆ ಪರದೆ ಬೆಳಗಿತು. ಅವಳು ಎರಡು ಸಲ ತಲೆಯಾಡಿಸಿದಳು, ಕಂಪ್ಯೂಟರ್ ಮುಚ್ಚಿದಳು.

"ಪಾಸು ಅತ್ತೆ. ಕರೆಕ್ಷನ್ ತುಂಬಾ ಇದೆ," ಅಂದವಳೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದಳು.