ಚಿಗವ್ವನ ಡಾಬು, ನನ್ನ ಬೆಲ್ಟು

ಹೊಟ್ಟೆಗೆ ಕಟ್ಟುವ ಈ ಬೆಲ್ಟನ್ನು ಬಿಚ್ಚುವಾಗ ಚರ್ರ್ ಎಂದು ಒಂದು ಸದ್ದು ಬರುತ್ತದೆ ನೋಡಿ, ಹೊಸ ಸೀರೆ ಹರಿದ ಹಾಗೆ. ಗರ್ಭಕೋಶ ತೆಗೆದ ಡಾಕ್ಟರಮ್ಮ ಆರು ವಾರ ಕಟ್ಟಿಕೊಂಡರೆ ಸಾಕು ಎಂದಿದ್ದರು. ಈಗ ಆರನೆಯ ತಿಂಗಳು. ಸೊಸೆ ಕೇಳಿದರೆ ನಡುನೋವು ಎನ್ನುತ್ತೇನೆ. ನಿಜ ಏನೆಂದರೆ, ಆಪರೇಷನ್‌ಗೆಂದು ಹೊಕ್ಕಳ ಹತ್ತಿರ ತೂತು ಹಾಕಿದ್ದ ಕಡೆ ಕೆಮ್ಮಿದಾಗಲೆಲ್ಲ ನಿಂಬೆಹಣ್ಣಿನಷ್ಟು ಉಬ್ಬು ಏಳುತ್ತದೆ, ಮಲಗಿದರೆ ಮಾಯ. "ಮೂರು ತೂತು, ಮೂರು ದಿನ, ಮುಗೀತು" ಎಂದು ಬಳ್ಳಾರಿಯ ಓಣಿಗೆಲ್ಲ ಸಾರಿದವಳು ನಾನು. ಈಗ ಯಾವ ಬಾಯಿಂದ ಹೇಳಲಿ? ನಿಮಗೆ ಮಾತ್ರ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ಈ ಜಂಬ ನಮ್ಮ ಮನೆತನಕ್ಕೆ ಹೊಸದಲ್ಲ. ಎಂಬತ್ತರ ದಶಕದ ಮೊದಲಿಗೆ, ನಾನಿನ್ನೂ ಕಾಲೇಜಿನ ಹುಡುಗಿ, ಸಿರಿಗೇರಿಯಲ್ಲಿ ಚಿಗಪ್ಪನ, ಅಂದರೆ ಚಿಕ್ಕಪ್ಪನ, ಮನೆಯಲ್ಲಿದ್ದೆ. ಚಿಗವ್ವ ಮೂರು ಹೆತ್ತ ಮೇಲೆ, ಅಜ್ಜಿ ಬೇಡವೆಂದರೂ ಕೇಳದೆ, ಸಿರುಗುಪ್ಪದ ಕ್ಯಾಂಪಿಗೆ ಹೋಗಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡು ಬಂದಳು. ಹೊಕ್ಕಳ ಬಳಿ ಸಣ್ಣ ತೂತು ಕೊರೆದು ದುರ್ಬೀನಿನಲ್ಲಿ ನೋಡಿ ಮಾಡುವಂಥದ್ದು. ಇರುವೆ ಕಚ್ಚಿದಷ್ಟೂ ನೋವಿಲ್ಲ ಎನ್ನುವ ಅವಳ ಮಾತಿನ ಭರಾಟೆಗೆ ನೆರೆಹೊರೆಯ ನಾಲ್ಕು ಹೆಂಗಸರೂ ಮುಂದಿನ ಕ್ಯಾಂಪಿಗೆ ಹೊರಟುನಿಂತರು.

ಕೆಲವು ತಿಂಗಳಾದ ಮೇಲೆ ಚಿಗವ್ವನಿಗೆ ಡಾಬಿನ ಹುಚ್ಚು ಹಿಡಿಯಿತು. ಮದುವೆ ಮುಂಜಿಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತಿದ್ದ ಬೆಳ್ಳಿಯ ಸೊಂಟಪಟ್ಟಿ ಅದು. ಅದನ್ನು ಕಟ್ಟಿಕೊಂಡೇ ರೊಟ್ಟಿ ಬಡಿಯುವಳು, ನೀರು ತರುವಳು. "ಸಗಣಿ ಬಳಿಯಾಕೂ ಡಾಬು ಬೇಕೇನವಾ ನಮ್ಮ ಸೊಸಿಗೆ?" ಎಂದು ಅಜ್ಜಿ ಮೂತಿ ತಿರುವಿದರೆ, "ಇರಲಿ ಬಿಡ್ರಿ ಅತ್ತಿ, ಪೆಟಿಗ್ಯಾಗ ಕಪ್ಪಾಗತೈತಿ" ಎನ್ನುವಳು. ನಕ್ಕಾಗ ಅಂಗೈಯನ್ನು ಡಾಬಿನ ಮೇಲೆ ಒತ್ತಿ ಹಿಡಿಯುವಳು. ನಾನು ಅವಳನ್ನು ಅಣಕಿಸಿ ನಡೆದು ಮನೆಮಂದಿಯನ್ನೆಲ್ಲ ನಗಿಸುತ್ತಿದ್ದೆ. ನನ್ನ ಕಲೆಗೆ ಆಗ ಬಹಳ ಬೇಡಿಕೆ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನೇ ಅಲ್ಲ. ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಡಾಬನ್ನು ಜೋಳದ ಚೀಲದೊಳಗೆ ತುರುಕಿಬಿಟ್ಟೆ.

"ಏ ತಂಗಿ, ನಗಚಾಟಿಗಿ ಸಾಕು, ಕೊಡು."

"ಇವತ್ತ ಯಾರ ಮದುವಿ ಐತಿ ಚಿಗವ್ವ?"

ಅಂದೇ ವರ್ಷದ ಖಾರದಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದರು. ಆ ಘಾಟು ಗೊತ್ತಲ್ಲ, ಬೀದಿಯ ನಾಯಿಯೂ ಸೀನುತ್ತದೆ. ಎಲ್ಲರೂ ಕೆಮ್ಮಿದೆವು. ಚಿಗವ್ವ ಕೆಮ್ಮುತ್ತ ಕೆಮ್ಮುತ್ತ ಹೊಟ್ಟೆ ಹಿಡಿದು ಕುಸಿದಳು. ಸೆರಗು ಸರಿಸಿ ನೋಡಿದರೆ ಹೊಕ್ಕಳಲ್ಲಿ ಕಲ್ಲಿನಂಥ ಗಂಟು. ಡಾಬಿನ ಕೆಳಗೆ ಬಟ್ಟೆ ಮಡಚಿಟ್ಟು, ತಿಂಗಳುಗಟ್ಟಲೆ ಅದನ್ನು ಒಳಗೆ ಅದುಮಿಟ್ಟಿದ್ದಳಂತೆ. ವಾಂತಿ ಶುರುವಾಯಿತು. ಚಿಗಪ್ಪ ಯಾರದೋ ಜೀಪು ತಂದು ಬಳ್ಳಾರಿಗೆ ಹೊರಡಿಸಿದ. ನಾನು ಚೀಲದಿಂದ ಡಾಬು ತೆಗೆದು ಎದೆಗವಚಿಕೊಂಡು ಅದೇ ಜೀಪಿನಲ್ಲಿ ಅಳುತ್ತ ಹೋದೆ. ಅವಳು ಸತ್ತರೆ ಕೊಂದವಳು ನಾನೇ ಎಂದುಕೊಂಡೆ.

ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರು ಚಿಗಪ್ಪನಿಗೆ ಬೈದರು. "ತೂತು ಸಣ್ಣದಾದ್ರೇನು, ಒಳಗ ಬಿಚ್ಚಿಕೊಂಡು ಕರುಳು ಸಿಕ್ಕೊಂಡಿತ್ತು. ಉಬ್ಬು ಕಂಡ ದಿನಾನ ಬಂದಿದ್ರ ಸುಲಭ ಇತ್ತು. ಇನ್ನೊಂದೀಟು ತಡ ಆಗಿದ್ರ ನನ್ನ ಕೈಯಾಗೂ ಇರತಿರಲಿಲ್ಲ."

ಕಣ್ಣು ಬಿಟ್ಟ ಚಿಗವ್ವನ ಮುಂದೆ ಡಾಬಿಟ್ಟು ತಪ್ಪೊಪ್ಪಿಕೊಂಡೆ. ಅವಳು ಅಭ್ಯಾಸಬಲದಿಂದ ಹೊಟ್ಟೆಗೆ ಕೈ ಒತ್ತಿ ನಕ್ಕಳು. "ನೀ ಡಾಬು ಮುಚ್ಚಿಟ್ಟಿ, ನಾ ಹೊಟ್ಟಿ ಮುಚ್ಚಿಟ್ಟೆ. ಯಾರು ದೊಡ್ಡ ಕಳ್ಳಿ ಹೇಳು?" ಆಮೇಲೆ ಮೆಲ್ಲಗೆ, "ಕ್ಯಾಂಪಿಗಿ ಹೊಂಟಾರಲ್ಲ, ಆ ನಾಲ್ಕು ಮಂದಿಗಿ ಹೇಳು ತಂಗಿ. ಆಪರೇಷನ್ ಬ್ಯಾಡ ಅನಬ್ಯಾಡ. ಉಬ್ಬು ಬಂದ್ರ ನನ್ನಂಗ ಮುಚ್ಚಿಡಬ್ಯಾಡ್ರಿ ಅಂತ ಹೇಳು" ಎಂದಳು. ಮನೆಮನೆಗೂ ಹೋಗಿ ಹೇಳಿಬಂದೆ, ದೊಡ್ಡ ತಿಳಿದವಳ ಹಾಗೆ.

ಅದೇ ತಿಳಿದವಳು ಈಗ ಕನ್ನಡಿ ಮುಂದೆ ಬೆಲ್ಟು ಬಿಗಿಯುತ್ತಿದ್ದಾಳೆ. ಥೂ ನನ್ನ ಜಂಬಕ್ಕಿಷ್ಟು! ಅಡುಗೆಮನೆಯಲ್ಲಿ ಸೊಸೆ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ್ದಾಳೆ, ಘಾಟು ಇಲ್ಲಿಗೂ ಬಂದು ಗಂಟಲು ಕೆರೆಯುತ್ತಿದೆ. ಬೆಲ್ಟು ಬಿಚ್ಚಿದೆ. ಚರ್ರ್.

"ನಡಾ ನೋವಾತೇನ್ರಿ ಅತ್ತಿ?" ಎಂದು ಅವಳು ಒಳಗಿನಿಂದಲೇ ಕೂಗಿದಳು.

"ನಡಾ ಅಲ್ಲವಾ, ಸುಳ್ಳು ಹೇಳಿದ್ದೆ. ಒಲಿ ಆರಿಸಿ ಬಾ ಇಲ್ಲಿ. ನಾ ಕೆಮ್ಮತೀನಿ, ನೀ ಕೈ ಇಟ್ಟು ನೋಡು."